ಬಸವಣ್ಣನವರ 100 ರೂಪಾಯಿ ಬೆಳ್ಳಿ ನಾಣ್ಯ ಒಂಬತ್ತೂವರೆ ಸಾವಿರಕ್ಕೆ: ತಗೊಳ್ಳಬಹುದಾ?

ಬೆಣ್ಣೆದೋಸೆ
ಎಲ್ಲರಿಗೂ ನಮಸ್ಕಾರ. ನಾಣ್ಯದ ವಿಷಯದಲ್ಲಿ ನಾನು ಪೂರ್ತಿ ಹೊಸಬ. ಮುಂದಿನ ತಿಂಗಳು ಅಪ್ಪನಿಗೆ 75 ತುಂಬುತ್ತದೆ. ಮೇಷ್ಟ್ರಾಗಿದ್ದವರು. ಈಗಲೂ ಬೆಳಿಗ್ಗೆ ಎರಡು ವಚನ ಓದದೆ ಕಾಫಿ ಮುಟ್ಟುವುದಿಲ್ಲ. ಪಂಚೆ, ಶಾಲು, ವಾಚು ಎಲ್ಲ ಕೊಟ್ಟಾಯಿತು. ಕೊಟ್ಟಿದ್ದೆಲ್ಲ ಬೀರುವಿನಲ್ಲೇ ಇದೆ.

2006ರಲ್ಲಿ ಕೇಂದ್ರ ಸರ್ಕಾರ ಬಸವಣ್ಣನವರ ನೆನಪಿಗೆ 100 ರೂಪಾಯಿಯ ಬೆಳ್ಳಿ ನಾಣ್ಯವನ್ನೂ 5 ರೂಪಾಯಿಯ ನಾಣ್ಯವನ್ನೂ ತಂದಿತ್ತಂತೆ. ಎರಡೂ ಇರುವ ಪ್ರೂಫ್ ಸೆಟ್ (ಕನ್ನಡಿ ಹೊಳಪಿನ ವಿಶೇಷ ಸೆಟ್ಟಂತೆ) ಒಬ್ಬ ವ್ಯಾಪಾರಿ ಹತ್ತಿರ ಇದೆ. ಹನ್ನೊಂದು ಸಾವಿರ ಹೇಳಿದರು, ಒಂಬತ್ತೂವರೆಗೆ ಬಂದು ನಿಂತಿದ್ದಾರೆ. "ಬೆಳ್ಳಿ ಏರ್ತಾನೇ ಇದೆ ಸರ್, ಇದು ಇನ್ವೆಸ್ಟ್‌ಮೆಂಟು, ಐದು ವರ್ಷಕ್ಕೆ ಡಬಲ್" ಅಂತಾರೆ. ಅಲ್ಲೀವರೆಗೂ ಕೊಳ್ಳುವ ಮನಸ್ಸಿತ್ತು. ಆ ಮಾತು ಕೇಳಿದ ಮೇಲೆ ಅನುಮಾನ ಶುರುವಾಯಿತು. ಗೊತ್ತಿರುವವರು ಹೇಳಿ.

ಗುಂಡಣ್ಣ
ಐದು ವರ್ಷಕ್ಕೆ ಡಬಲ್ ಆಗೋದಾದರೆ ಅವರು ಯಾಕೆ ಮಾರ್ತಿದ್ದಾರೆ? ಸುಮ್ನೆ ಕೇಳಿದೆ.

ಲೆಕ್ಕಿಗ
ಬೇಡ. ಬೆಳ್ಳಿ ಬೇಕಿದ್ದರೆ 999 ಬಾರ್ (ಶೇ 99.9 ಚೊಕ್ಕ ಬೆಳ್ಳಿಯ ಗಟ್ಟಿ) ತಗೊಳ್ಳಿ. ಇಲ್ಲವೇ ಸಿಲ್ವರ್ ಇಟಿಎಫ್ (ಷೇರಿನ ಹಾಗೆ ಕೊಳ್ಳುವ ಬೆಳ್ಳಿ ಫಂಡ್). ನಾಣ್ಯ ಅನ್ನೋದು ಹೂಡಿಕೆ ಅಲ್ಲ, ಹವ್ಯಾಸ.

ಹಳೇರೂಪಾಯಿ
ಬೆಣ್ಣೆದೋಸೆಯವರೇ, ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವನು ನಾನು. ಮೂವತ್ತು ವರ್ಷದಿಂದ ನಾಣ್ಯ ಕೂಡಿಡುತ್ತಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಲೋಹ ನೋಡಿ. ನಮ್ಮಲ್ಲಿ 100 ರೂಪಾಯಿಯ ಸ್ಮರಣಾರ್ಥ ನಾಣ್ಯಗಳು ಹೆಚ್ಚಾಗಿ 35 ಗ್ರಾಂ ತೂಗುತ್ತವೆ. ಅಗಲ 44 ಮಿಲಿಮೀಟರ್. ಕೈಯಲ್ಲಿ ಹಿಡಿದರೆ ಗಟ್ಟಿ ಬೆಳ್ಳಿಯ ಹಾಗೆಯೇ ಅನಿಸುತ್ತದೆ. ಆದರೆ ಅದರಲ್ಲಿ ಬೆಳ್ಳಿ ಅರ್ಧಕ್ಕರ್ಧ ಮಾತ್ರ. ಉಳಿದದ್ದು ಶೇ 40 ತಾಮ್ರ, ಶೇ 5 ನಿಕ್ಕಲ್, ಶೇ 5 ಸತು. ಈ ಬೆರಕೆ ಈಗಿನದಲ್ಲ. ಎರಡನೇ ಮಹಾಯುದ್ಧದ ಹೊತ್ತಲ್ಲಿ, 1940ರಲ್ಲಿ, ಬ್ರಿಟಿಷರು ರೂಪಾಯಿಯ ಬೆಳ್ಳಿಯನ್ನು ಶೇ 91.7ರಿಂದ 50ಕ್ಕೆ ಇಳಿಸಿದಾಗ ಹಾಕಿದ್ದೂ ಇದೇ ಬೆರಕೆ. ಅಜ್ಜಿಯ ಪೆಟ್ಟಿಗೆಯಲ್ಲಿ ವಿಕ್ಟೋರಿಯಾ ರಾಣಿ ರೂಪಾಯಿ ಒಂದು, 1940ರ ನಂತರದ ಆರನೇ ಜಾರ್ಜ್ ರೂಪಾಯಿ ಒಂದು ಇದ್ದರೆ ಎರಡೂ 11.66 ಗ್ರಾಮೇ ತೂಗುತ್ತವೆ. ಒಂದರಲ್ಲಿ 10.7 ಗ್ರಾಂ ಬೆಳ್ಳಿ, ಇನ್ನೊಂದರಲ್ಲಿ 5.8.

ಈಗ ನಿಮ್ಮ ಸೆಟ್ಟು. 35 ಗ್ರಾಮಲ್ಲಿ ಚೊಕ್ಕ ಬೆಳ್ಳಿ 17.5 ಗ್ರಾಂ. ಲೆಕ್ಕಕ್ಕೆ ಗ್ರಾಂಗೆ 150 ರೂಪಾಯಿ ಅಂತ ಇಟ್ಟುಕೊಳ್ಳೋಣ. ಆವತ್ತಿನ ದರ ನೀವೇ ನೋಡಿ ಹಾಕಿಕೊಳ್ಳಿ. 2,625 ಆಯಿತು. 5 ರೂಪಾಯಿ ನಾಣ್ಯದಲ್ಲಿ ಬೆಳ್ಳಿಯೇ ಇಲ್ಲ. ಅಂದರೆ ಒಂಬತ್ತೂವರೆ ಸಾವಿರದಲ್ಲಿ ಸುಮಾರು ಏಳು ಸಾವಿರ ಬೆಳ್ಳಿಗಲ್ಲ. ಅದು ಅಚ್ಚಿಗೆ, ಡಬ್ಬಿಗೆ, ಬಸವಣ್ಣನವರ ಹೆಸರಿಗೆ, ಮತ್ತು ಆ ವ್ಯಾಪಾರಿಗೆ. ಬೆಳ್ಳಿ ಏರಿದರೆ ಏರುವುದು ಆ 2,625ರ ಪಾಲು ಮಾತ್ರ. ಮಿಕ್ಕಿದ್ದು ಏರಬೇಕಾದರೆ ನಿಮ್ಮಷ್ಟೇ ಆಸೆ ಇರುವ ಇನ್ನೊಬ್ಬರು ಸಿಗಬೇಕು.

ಹಾಗಂತ ಬೇಡ ಅನ್ನುತ್ತಿಲ್ಲ. ಆ ಏಳು ಸಾವಿರ ಅಪ್ಪನ ಖುಷಿಗೆ ಅಂತ ಒಪ್ಪಿಕೊಂಡು ಕೊಡುವುದಾದರೆ ಕೊಡಿ. ಬೆಳ್ಳಿ ಅಂದುಕೊಂಡು ಕೊಡಬೇಡಿ.

ಚಿನಿವಾರರ ಮನೆ
ನಮ್ಮದು ಮೂರು ತಲೆಮಾರಿನ ಬೆಳ್ಳಿ ವ್ಯಾಪಾರ. ಹಳೇರೂಪಾಯಿ ಸರ್ ಹೇಳಿದ್ದು ಸರಿ. ಆದರೆ ಆ 2,625 ಕೂಡ ಕೈಗೆ ಬರುವುದಿಲ್ಲ, ಅದನ್ನು ಸೇರಿಸಿಕೊಳ್ಳಿ.

ಗಿರಾಕಿಗಳು ಇಂಥ ನಾಣ್ಯ ತಂದು "ಗವರ್ಮೆಂಟ್ ಬೆಳ್ಳಿ, ತೂಕಕ್ಕೆ ತಗೊಳ್ಳಿ" ಅಂತಾರೆ. ನಾವು ತಗೊಳ್ಳುವುದಿಲ್ಲ. ಅರ್ಧ ತಾಮ್ರ, ನಿಕ್ಕಲ್ ಇರುವ ಮಾಲನ್ನು ಶುದ್ಧ ಮಾಡುವ ಖರ್ಚು ಒಂದು ಕಡೆ. ಅದಕ್ಕಿಂತ ದೊಡ್ಡ ಮಾತು ಕಾನೂನು. 2011ರ ನಾಣ್ಯ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ನಾಣ್ಯ ಕರಗಿಸುವುದು ಅಪರಾಧ. ಆ ಕಾಯ್ದೆಯಲ್ಲಿ ಸ್ಮರಣಾರ್ಥ ನಾಣ್ಯವೂ ನಾಣ್ಯವೇ. ಕರಗಿಸಲು ಆಗದ ಬೆಳ್ಳಿಗೆ ಚಿನಿವಾರ ಪೇಟೆಯ ದರ ಕಟ್ಟಿ ಏನು ಪ್ರಯೋಜನ ಹೇಳಿ.

ನಾವು ಅಂಗಡಿಯಲ್ಲಿ ಮಾರುವ ಲಕ್ಷ್ಮಿ, ಗಣೇಶನ ಬೆಳ್ಳಿ ಬಿಲ್ಲೆ ಬೇರೆ. ಅದಕ್ಕೂ ಜನ ನಾಣ್ಯ ಅಂತಲೇ ಹೇಳುತ್ತಾರೆ, ಆದರೆ ಸರ್ಕಾರದ ನಾಣ್ಯ ಅಲ್ಲ. 999 ಇರುತ್ತದೆ, ಮೇಕಿಂಗ್ ಮತ್ತು ಶೇ 3 ಜಿಎಸ್‌ಟಿ ಬೀಳುತ್ತದೆ, ವಾಪಸ್ ತಂದರೆ ಆವತ್ತಿನ ದರಕ್ಕೆ ಸ್ವಲ್ಪ ಕಡಿಮೆ ಹಿಡಿದು ತಗೊಳ್ಳುತ್ತೇವೆ. ಬೆಳ್ಳಿಯಾಗಿ ಬೇಕಿದ್ದರೆ ಅದೇ ವಾಸಿ.

ಲೆಕ್ಕಿಗ
ನೋಡಿ, ಇದನ್ನೇ ನಾನೂ ಹೇಳಿದ್ದು, ನಾಲ್ಕು ಸಾಲಿನಲ್ಲಿ. ಇನ್ನೊಂದು ಮಾತು. ಬೆಳ್ಳಿ ಏರ್ತಾನೇ ಇರುತ್ತದೆ ಅನ್ನುವುದೂ ಸುಳ್ಳು. 2011ರ ಏಪ್ರಿಲ್‌ನಲ್ಲಿ ಔನ್ಸಿಗೆ (ಸುಮಾರು 31 ಗ್ರಾಂ) 49 ಡಾಲರ್ ಹತ್ತಿರ ಹೋಗಿತ್ತು. 2015ರ ಕೊನೆಗೆ 14ಕ್ಕಿಂತ ಕೆಳಗೆ ಬಂತು. ಮೇಲೆ ಕೊಂಡವರು ಎಷ್ಟು ವರ್ಷ ಕಾದರು ಅಂತ ಅವರನ್ನೇ ಕೇಳಿ. (ನನ್ನನ್ನೇ ಕೇಳಿ.)

ಗುಂಡಣ್ಣ
ಕಂಸದೊಳಗೆ ಕಣ್ಣೀರು ಕಾಣಿಸ್ತು ಸರ್.

ತುಂಗೆ ತೀರ
ಮಾರೋಕೆ ಹೋದರೆ ಹೇಗಿರುತ್ತೆ ಅಂತ ನಾನು ಹೇಳ್ತೀನಿ. ನಮ್ಮ ಚಿಕ್ಕಪ್ಪ ಹೋದ ಮೇಲೆ ಅವರ ಟ್ರಂಕಿನಲ್ಲಿ ಹದಿನಾಲ್ಕು ಸೆಟ್ ಸಿಕ್ಕವು. ನೀಲಿ, ಕಂದು ಡಬ್ಬಿಗಳು. ಒಳಗೆ ಮಖಮಲ್ಲಿನ ಗುಂಡಿ, ಗುಂಡಿಯಲ್ಲಿ ನಾಣ್ಯ. ಚಿಕ್ಕಮ್ಮನಿಗೆ ದುಡ್ಡಿನ ಅಡಚಣೆ ಇತ್ತು. ಚಿಕ್ಕಪ್ಪ ಒಂದೊಂದರ ರಸೀತಿಯನ್ನೂ ಡಬ್ಬಿಯಲ್ಲೇ ಮಡಚಿಟ್ಟಿದ್ದರು. ಕೂಡಿಸಿದರೆ ದೊಡ್ಡ ಮೊತ್ತವೇ.

ಮೂರು ಕಡೆ ತೋರಿಸಿದೆವು. ಮೊದಲನೆಯವರು ಡಬ್ಬಿ ತೆರೆಯಲೇ ಇಲ್ಲ. ಎರಡನೆಯವರು ಹದಿನಾಲ್ಕರಲ್ಲಿ ನಾಲ್ಕು ಆರಿಸಿ ಬದಿಗಿಟ್ಟು "ಇವಿಷ್ಟೇ ಹೋಗೋದು ಮೇಡಂ" ಅಂದರು. ಉಳಿದ ಹತ್ತಕ್ಕೆ ಹೇಳಿದ ರೇಟು ಕೇಳಿ ಚಿಕ್ಕಮ್ಮ ಸೆರಗಿನಲ್ಲಿ ಡಬ್ಬಿ ಮುಚ್ಚಿಕೊಂಡು ಹೊರಗೆ ಬಂದರು. ಮೂರನೆಯವರು ಕೊಟ್ಟಿದ್ದು ರಸೀತಿಯ ಮೊತ್ತದ ಅರ್ಧಕ್ಕಿಂತ ಸ್ವಲ್ಪ ಮೇಲೆ. ಕೊಟ್ಟು ಬಂದೆವು.

ಅದಕ್ಕೆ ನಮ್ಮ ತಪ್ಪೂ ಕಾರಣ. ತೋರಿಸೋಕೆ ಹೋಗುವ ಹಿಂದಿನ ದಿನ ಚಿಕ್ಕಮ್ಮ, ಕಪ್ಪಾಗಿದೆ ಅಂತ ಐದಾರು ನಾಣ್ಯ ತೆಗೆದು ವಿಭೂತಿ ಹಾಕಿ ತಿಕ್ಕಿ ಫಳಫಳ ಮಾಡಿಟ್ಟಿದ್ದರು. ದೀಪದ ಕಂಬ ತಿಕ್ಕೋ ಹಾಗೆ. ಆ ವ್ಯಾಪಾರಿ ಭೂತಗನ್ನಡಿಯಲ್ಲಿ ನೋಡಿ ಹಣೆ ಚಚ್ಚಿಕೊಂಡರು.

ಹಳೇರೂಪಾಯಿ
ಅಯ್ಯೋ ತಾಯಿ. ಓದುವಾಗಲೇ ಮೈ ಜುಮ್ ಅಂತು.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಪ್ರೂಫ್ ಅಂದರೆ ಅಚ್ಚನ್ನೂ ಬಿಲ್ಲೆಯನ್ನೂ ಹೊಳಪು ಮಾಡಿ, ಒಂದಕ್ಕಿಂತ ಹೆಚ್ಚು ಸಲ ಒತ್ತಿ ತೆಗೆದ ನಾಣ್ಯ. ಹಿನ್ನೆಲೆ ಕನ್ನಡಿ ಥರ, ಚಿತ್ರ ಮಂಜು ಕವಿದ ಥರ. ಯುಎನ್‌ಸಿ ಅಂದರೆ ಚಲಾವಣೆಗೆ ಹೋಗದ್ದು, ಆದರೆ ಕನ್ನಡಿ ಹೊಳಪಿಲ್ಲ. ಪ್ರೂಫಿಗೆ ಕೊಡುವ ಜಾಸ್ತಿ ದುಡ್ಡೆಲ್ಲ ಆ ಕನ್ನಡಿಗೇ. ವಿಭೂತಿ, ಹುಣಸೆಹಣ್ಣು, ಟೂತ್‌ಪೇಸ್ಟು, ಪಾತ್ರೆ ಪುಡಿ ಯಾವುದು ಮುಟ್ಟಿಸಿದರೂ ಕೂದಲೆಳೆಯ ಗೀರು ಬೀಳುತ್ತದೆ. ಮತ್ತೆ ಹೋಗುವುದಿಲ್ಲ. ಕಪ್ಪಾಗಿದ್ದರೆ ಕಪ್ಪಾಗಿಯೇ ಇರಲಿ. ಈ ಬೆರಕೆಯಲ್ಲಿ ತಾಮ್ರ ಜಾಸ್ತಿ, ಹಾಗಾಗಿ ಬಣ್ಣ ತಿರುಗುವುದು ಸಹಜ. ಅಂಚು ಹಿಡಿದೇ ಎತ್ತಬೇಕು. ಮಖಮಲ್ಲಿನ ಡಬ್ಬಿಗಿಂತ ಗಟ್ಟಿ ಪ್ಲಾಸ್ಟಿಕ್ ಕ್ಯಾಪ್ಸೂಲ್ ಒಳ್ಳೆಯದು. ಜೊತೆಗೆ ಸಿಲಿಕಾ ಜೆಲ್ಲಿನ ಒಂದು ಪೊಟ್ಟಣ. ಮೆತ್ತನೆಯ ಪಿವಿಸಿ ಕವರ್ ಬೇಡವೇ ಬೇಡ, ಹಸಿರು ಜಿಡ್ಡು ಕೂರುತ್ತದೆ.

ಲೀಡ್ಸ್ ಕನ್ನಡಿಗ
ನಾನಿರುವ ಇಂಗ್ಲೆಂಡಿನ ಕಥೆ ಒಂದು ಹೇಳಲೇ? ಇಲ್ಲಿ 2013ರಲ್ಲಿ ರಾಯಲ್ ಮಿಂಟ್ (ಇಲ್ಲಿನ ಸರ್ಕಾರಿ ಟಂಕಸಾಲೆ) 20 ಪೌಂಡಿನ ಬೆಳ್ಳಿ ನಾಣ್ಯವನ್ನು 20 ಪೌಂಡಿಗೇ ಮಾರಿತು. ಆಮೇಲೆ 100 ಪೌಂಡಿನ ನಾಣ್ಯ, ಅದಕ್ಕೂ 100 ಪೌಂಡೇ ಬೆಲೆ. ಎರಡು ಔನ್ಸ್ 999 ಬೆಳ್ಳಿ. ಆಗಿನ ದರದಲ್ಲಿ ಅದರ ಬೆಳ್ಳಿ ಕಾಲು ಭಾಗದ ಆಸುಪಾಸು. ಜನರಿಗೇನು ಧೈರ್ಯ ಅಂದರೆ, ಬೇಡವಾದರೆ ಬ್ಯಾಂಕಿಗೆ ಕೊಟ್ಟು ನೂರು ಪೌಂಡ್ ವಾಪಸ್ ತಗೊಳ್ಳಬಹುದು ಅಂತ. ಕೆಲವರು ಕ್ರೆಡಿಟ್ ಕಾರ್ಡಿನ ಪಾಯಿಂಟಿಗಾಗಿ ಡಜನ್‌ಗಟ್ಟಲೆ ಕೊಂಡು ಬ್ಯಾಂಕಿಗೆ ಒಯ್ದರು. ಬ್ಯಾಂಕುಗಳು ತಗೊಳ್ಳಲ್ಲ ಅಂದುಬಿಟ್ಟವು. ಮುಖಬೆಲೆ ಇದೆ, ಕಾನೂನಿನ ಮಾನ್ಯತೆಯೂ ಇದೆ, ತಗೊಳ್ಳುವ ಕಿಟಕಿ ಮಾತ್ರ ಇಲ್ಲ!

ಹಳೇರೂಪಾಯಿ
ನಮ್ಮಲ್ಲಿ ಆ ಭಾಗ್ಯವೂ ಇಲ್ಲ. 100 ರೂಪಾಯಿ ಅಂತ ಬರೆದಿದ್ದನ್ನು ಸಾವಿರಗಟ್ಟಲೆ ಕೊಟ್ಟು ತಗೊಂಡು, ಬ್ಯಾಂಕಿಗೆ ಕಟ್ಟಿದರೆ ನೂರೇ. ಮುಖಬೆಲೆಗೂ ಒಳಗಿನ ಬೆಳ್ಳಿಗೂ ಸಂಬಂಧ ಇಲ್ಲ. 2010ರಲ್ಲಿ ತಂಜಾವೂರಿನ ಬೃಹದೀಶ್ವರ ದೇವಸ್ಥಾನಕ್ಕೆ ಸಾವಿರ ವರ್ಷ ತುಂಬಿದ ನೆನಪಿಗೆ 1000 ರೂಪಾಯಿಯ ನಾಣ್ಯ ಬಂತು. ಅಂಕಿ ದೊಡ್ಡದಾದ ಮಾತ್ರಕ್ಕೆ ಬೆಳ್ಳಿ ಹತ್ತು ಪಟ್ಟಾಗಲಿಲ್ಲ.

ಇನ್ನೊಂದು ತಮಾಷೆ ನೋಡಿ. 1969ರ ಗಾಂಧಿ ಶತಮಾನೋತ್ಸವದ 10 ರೂಪಾಯಿ ಎಷ್ಟೋ ಮನೆಗಳಲ್ಲಿದೆ. 15 ಗ್ರಾಂ, ಶೇ 80 ಬೆಳ್ಳಿ. 12 ಗ್ರಾಂ ಬೆಳ್ಳಿ ಆಯಿತು. ಮೂರೇ ವರ್ಷಕ್ಕೆ, 1972ರಲ್ಲಿ, ಸ್ವಾತಂತ್ರ್ಯಕ್ಕೆ 25 ತುಂಬಿದಾಗ ಬಂದ 10 ರೂಪಾಯಿ ತೂಗುವುದು 22.5 ಗ್ರಾಂ. ಆದರೆ ಬೆಳ್ಳಿ ಶೇ 50. ಅಂದರೆ 11.25 ಗ್ರಾಂ. ನಾಣ್ಯ ಒಂದೂವರೆ ಪಟ್ಟು ದಪ್ಪಗಾಯಿತು, ಬೆಳ್ಳಿ ಕಡಿಮೆಯಾಯಿತು! ನನ್ನನ್ನು ಕೇಳಿದರೆ, ನಾಣ್ಯ ಸಂಗ್ರಹ ಶುರು ಮಾಡುವವರಿಗೆ 1969ರದ್ದೇ ಒಳ್ಳೆಯ ಪಾಠ. ಬೆಳ್ಳಿಯ ಬೆಲೆಗಿಂತ ತೀರಾ ಮೇಲೆ ಹೋಗದೆ ಸಿಗುತ್ತದೆ. ಕೈಯಲ್ಲಿ ಹಿಡಿಯಲೂ ಚೆಂದ.

ಹಂಪಿ ಹುಡುಗ
ಎಲ್ಲರೂ ಶೇ 50, ಶೇ 50 ಅಂತಿದ್ದೀರಿ. 2024ರ ಏಪ್ರಿಲ್ ಒಂದಕ್ಕೆ ರಿಸರ್ವ್ ಬ್ಯಾಂಕಿನ 90 ವರ್ಷಕ್ಕೆ ಬಂದ 90 ರೂಪಾಯಿ ನಾಣ್ಯ 40 ಗ್ರಾಂ, 99.9 ಶುದ್ಧ. ನಾನು ಟಂಕಸಾಲೆಯಿಂದಲೇ ತಗೊಂಡೆ. ಅದರಲ್ಲಿರುವ ಬೆಳ್ಳಿ ಸುಮಾರು 40 ಗ್ರಾಂ. ನಿಮ್ಮ ಲೆಕ್ಕದಲ್ಲೇ ಆರು ಸಾವಿರ. ಹಾಗಾಗಿ ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಹಳೇರೂಪಾಯಿ
ಒಪ್ಪಿದೆ. ಅದು ಬೇರೆ ಜಾತಿಯದ್ದು. ಆದರೆ ಒಂದು ವರ್ಷ ಮುಂಚೆ, 2023ರ ಮೇ ತಿಂಗಳಲ್ಲಿ ಹೊಸ ಸಂಸತ್ ಭವನಕ್ಕೆ ಬಂದ 75 ರೂಪಾಯಿ ಮತ್ತೆ ಅದೇ 35 ಗ್ರಾಂ, ಅದೇ ಶೇ 50. ಅದಕ್ಕೇ ಹೇಳುವುದು, ಹೆಸರು ನೋಡಿ ಕೊಳ್ಳಬೇಡಿ, ಗೆಜೆಟ್ ನೋಡಿ ಅಂತ. ಹೊಸ ನಾಣ್ಯ ತರುವಾಗ ಸರ್ಕಾರ ಅಧಿಸೂಚನೆ ಹೊರಡಿಸುತ್ತದೆ. ಅಗಲ, ತೂಕ, ಲೋಹದ ಪಾಲು, ಅಂಚಿನಲ್ಲಿ ಗೀರು ಎಷ್ಟು ಅನ್ನುವುದೂ ಅದರಲ್ಲಿರುತ್ತದೆ. ಎರಡು ಪುಟ. ಓದಲು ಐದು ನಿಮಿಷ.

ಇನ್ನು ಟಂಕಸಾಲೆಯಿಂದ ನೇರ ಕೊಳ್ಳುವುದಕ್ಕೂ ಕೈಬದಲಿನಲ್ಲಿ ಕೊಳ್ಳುವುದಕ್ಕೂ ವ್ಯತ್ಯಾಸ ಇದೆ. ನಾಣ್ಯ ಬಿಡುಗಡೆಯಾದ ವಾರ ಟಿವಿಯಲ್ಲಿ ಬರುತ್ತದೆ, ವಾಟ್ಸಾಪಿನಲ್ಲಿ ಓಡುತ್ತದೆ. ಆಗ ವ್ಯಾಪಾರಿಗಳ ರೇಟು ನೆತ್ತಿಗೇರಿರುತ್ತದೆ. ಎರಡು ವರ್ಷ ಬಿಟ್ಟು ನೋಡಿ. ಹೆಚ್ಚಿನವು ಮೂಲಬೆಲೆಯ ಅಕ್ಕಪಕ್ಕಕ್ಕೆ ಬಂದು ಕೂತಿರುತ್ತವೆ, ಕೆಲವು ಕೆಳಗೂ ಇಳಿದಿರುತ್ತವೆ. ಏರುವುದು ಕೈಬೆರಳೆಣಿಕೆಯಷ್ಟು. ಅವು ಯಾವುವು ಅಂತ ಮೊದಲೇ ಗೊತ್ತಿದ್ದರೆ ನಾನು ಕ್ಯಾಷ್ ಕೌಂಟರಿನಲ್ಲಿ ಮೂವತ್ತು ವರ್ಷ ಕೂರುತ್ತಿರಲಿಲ್ಲ. ಹಳೇ ಇಸವಿಯ ಕೆಲವು ಸೆಟ್ಟುಗಳನ್ನು ಮುಂದೆ ಮತ್ತೆ ಅಚ್ಚು ಹಾಕಿ ಮಾರಿದ್ದೂ ಉಂಟು. "ಬಹಳ ರೇರ್" ಅನ್ನುವ ಮಾತಿಗೆ ಅಷ್ಟೇ ಬೆಲೆ ಕೊಡಿ.

ಬೆಣ್ಣೆದೋಸೆ
ಎಲ್ಲರಿಗೂ ಥ್ಯಾಂಕ್ಸ್. ಹೂಡಿಕೆಯ ಹುಚ್ಚು ಪೂರ್ತಿ ಇಳಿಯಿತು. ಈಗ ಎರಡು ಪ್ರಶ್ನೆ. ಒಂದು, ಅಪ್ಪನಿಗೆ ಅಂತಲೇ ಕೊಂಡರೆ ಎಷ್ಟು ಕೊಡಬಹುದು? ಎರಡು, ಅಸಲಿಯೋ ನಕಲಿಯೋ ಹೇಗೆ ನೋಡುವುದು?

ಲೆಕ್ಕಿಗ
ಮೊದಲನೆಯದಕ್ಕೆ ಉತ್ತರ: ಒಂದು ರೂಪಾಯಿಯೂ ಕೊಡಬೇಡಿ. ಆ ದುಡ್ಡಲ್ಲಿ ಅಪ್ಪ ಅಮ್ಮನನ್ನು ಕೂಡಲಸಂಗಮಕ್ಕೆ ಕರೆದುಕೊಂಡು ಹೋಗಿ ಬನ್ನಿ.

ತುಂಗೆ ತೀರ
ಲೆಕ್ಕಿಗ ಸರ್ ಮೊದಲ ಸಲ ಲೆಕ್ಕ ಬಿಟ್ಟು ಮಾತಾಡಿದರು 😄

ಹಳೇರೂಪಾಯಿ
ಕೂಡಲಸಂಗಮಕ್ಕೂ ಹೋಗಲಿ, ನಾಣ್ಯವೂ ಇರಲಿ. ಎಷ್ಟು ಅಂದರೆ, ಒಬ್ಬ ವ್ಯಾಪಾರಿಯ ಮಾತು ಬೆಲೆ ಅಲ್ಲ. ನಾಣ್ಯದ ಹರಾಜಿನಲ್ಲಿ ಅದೇ ಸೆಟ್ ನಿಜವಾಗಿ ಎಷ್ಟಕ್ಕೆ ಹೋಯಿತು ನೋಡಿ. ಕೇಳಿದ ಬೆಲೆ ಅಲ್ಲ, ಮಾರಿದ ಬೆಲೆ. ಆನ್‌ಲೈನಿನಲ್ಲಿ ಲಕ್ಷ ಬೇಕಾದರೂ ಕೇಳಬಹುದು, ಯಾರೂ ಬೇಡ ಅನ್ನಲ್ಲ. ಪ್ರೂಫೇ ಬೇಕು ಅಂತಿಲ್ಲದಿದ್ದರೆ ಯುಎನ್‌ಸಿ ಕೇಳಿ. ಬೆಳ್ಳಿ ಅಷ್ಟೇ, ಬಸವಣ್ಣನವರೂ ಅವರೇ, ಬೆಲೆ ಕಡಿಮೆ.

ಚಿನಿವಾರರ ಮನೆ
ಎರಡನೆಯದಕ್ಕೆ ನಾನು ಹೇಳುತ್ತೇನೆ. ಅಯಸ್ಕಾಂತ ಹಿಡಿದು ನೋಡಿ, ಅಂಟಿದರೆ ಅಲ್ಲಿಂದ ಎದ್ದು ಬನ್ನಿ. ಅಂಟದಿದ್ದರೆ ಬೆಳ್ಳಿ ಅಂತಲೂ ಅಲ್ಲ, ತಾಮ್ರ ಹಿತ್ತಾಳೆಯೂ ಅಂಟಲ್ಲ. ತೂಕ ನೋಡಿ. 35 ಗ್ರಾಮಿಗೆ ಒಂದೆರಡು ಪಾಯಿಂಟ್ ಆಚೀಚೆ ಪರವಾಗಿಲ್ಲ, 33, 31 ಅಂದರೆ ಬೇಡ.

ಹಳೇ ರಾಜ ರಾಣಿ ರೂಪಾಯಿಗಾದರೆ ಮನೆಯಲ್ಲೇ ಮಾಡುವ ಪರೀಕ್ಷೆ ಇದೆ. ನೂರನೇ ಒಂದು ಗ್ರಾಂ ತೋರಿಸುವ ಸಣ್ಣ ತಕ್ಕಡಿ ಬೇಕು. ಅದರ ಮೇಲೆ ಲೋಟದಲ್ಲಿ ನೀರಿಟ್ಟು ಸೊನ್ನೆ ಮಾಡಿ. ನಾಣ್ಯಕ್ಕೆ ದಾರ ಕಟ್ಟಿ, ತಳಕ್ಕೂ ಬದಿಗೂ ತಾಗದ ಹಾಗೆ ಪೂರ್ತಿ ಮುಳುಗಿಸಿ ಹಿಡಿಯಿರಿ. ವಿಕ್ಟೋರಿಯಾ ರೂಪಾಯಿ ಅಸಲಿಯಾದರೆ ತಕ್ಕಡಿ 1.13ರ ಹತ್ತಿರ ತೋರಿಸುತ್ತದೆ. ತಾಮ್ರ ನಿಕ್ಕಲ್ಲಿನ ನಕಲಿಯಾದರೆ 1.3. ಶೇ 50ರ 35 ಗ್ರಾಂ ನಾಣ್ಯಕ್ಕೆ ಅದು 3.67 ಆಗಬೇಕು. ಆದರೆ ಪ್ರೂಫ್ ನಾಣ್ಯವನ್ನು ನೀರಿಗೆ ಹಾಕಬೇಡಿ ಮಾರಾಯ್ರೇ, ಹಳೇರೂಪಾಯಿ ಸರ್ ನನ್ನನ್ನು ಬಿಡಲ್ಲ.

ಹಳೇರೂಪಾಯಿ
ಖಂಡಿತ ಬಿಡಲ್ಲ.

ಗುರುತಿನ ಅಕ್ಷರವನ್ನೂ ನೋಡಿ. ಮುಂಬೈ ಟಂಕಸಾಲೆಯ ಪ್ರೂಫಿಗೆ ಮೊದಲು 'ಬಿ' ಇರುತ್ತಿತ್ತು, 1996ರಿಂದ 'ಎಂ'. ಹೈದರಾಬಾದಿಗೆ ನಕ್ಷತ್ರ, ನೊಯ್ಡಾಕ್ಕೆ ಚುಕ್ಕಿ, ಕೋಲ್ಕತ್ತಾಕ್ಕೆ ಏನೂ ಇಲ್ಲ. ಇಸವಿ ಕೆಳಗೆ ಸಿಗುತ್ತದೆ.

ಮತ್ತೆ ರಾಮ ಸೀತೆ, ಹನುಮಂತ ಇರುವ "1818ರ ಈಸ್ಟ್ ಇಂಡಿಯಾ ಕಂಪನಿ ನಾಣ್ಯ" ಅಂತ ಯಾರಾದರೂ ತಂದರೆ ಕಾಫಿ ಕೊಟ್ಟು ಕಳಿಸಿ. ಕಂಪನಿ ಅಂಥ ನಾಣ್ಯ ಅಚ್ಚು ಹಾಕಿಯೇ ಇಲ್ಲ.

ಗುಂಡಣ್ಣ
ನಮ್ಮ ಮಾವ ಅದನ್ನೇ ದೇವರ ಮನೇಲಿ ಇಟ್ಟು ಪೂಜೆ ಮಾಡ್ತಿದ್ದಾರೆ. ನಾನಂತೂ ಹೇಳಲ್ಲಪ್ಪ.

ಹಂಪಿ ಹುಡುಗ
ವೈಷ್ಣೋದೇವಿ ಚಿತ್ರ ಇರೋ 5 ರೂಪಾಯಿ ನಾಣ್ಯಕ್ಕೆ ಲಕ್ಷ ಕೊಡ್ತೀವಿ, ಮೊದಲು ಫೀಸು ಕಟ್ಟಿ ಅನ್ನೋರ ಬಗ್ಗೆಯೂ ಬರೆದುಬಿಡಿ. ನಮ್ಮ ಪಕ್ಕದ ಮನೆಯವರು ಎರಡು ಸಾವಿರ ಕಳೆದುಕೊಂಡರು. ಹಳೇ ನಾಣ್ಯದ ಹೆಸರಲ್ಲಿ ತನ್ನ ಹೆಸರು ಹೇಳಿ ಫೀಸು ಕೇಳುವವರನ್ನು ನಂಬಬೇಡಿ ಅಂತ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಕೆ ಕೊಟ್ಟಿತ್ತು.

ಬೆಣ್ಣೆದೋಸೆ
ಹೋಗಿ ಬಂದೆ. ಪೂರ್ತಿ ವರದಿ ಒಪ್ಪಿಸುತ್ತೇನೆ.

ಭೂತಗನ್ನಡಿ, ಪುಟ್ಟ ತಕ್ಕಡಿ, ಫ್ರಿಜ್ಜಿನ ಮೇಲಿದ್ದ ಅಯಸ್ಕಾಂತ ಎಲ್ಲ ಜೇಬಲ್ಲಿಟ್ಟುಕೊಂಡು ಹೋದೆ. ವ್ಯಾಪಾರಿ ಒಂಥರಾ ನೋಡಿದರು. ತೂಕ 35.02. ಅಯಸ್ಕಾಂತ ಅಂಟಲಿಲ್ಲ. ಡಬ್ಬಿಯ ಕೀಲು ಸಡಿಲ, ಪರವಾಗಿಲ್ಲ. ಭೂತಗನ್ನಡಿ ಹಿಡಿದು ಕಿಟಕಿಯ ಬೆಳಕಿಗೆ ಓರೆ ಮಾಡಿದೆ. ಬಸವಣ್ಣನವರ ಮುಖದ ಪಕ್ಕದ ಖಾಲಿ ಜಾಗದಲ್ಲಿ ಒಂದು ಹೆಬ್ಬೆಟ್ಟಿನ ಗುರುತು. ಕಂದು ಬಣ್ಣಕ್ಕೆ ತಿರುಗಿ ಒಳಗೆ ಕಚ್ಚಿಕೊಂಡಿದೆ. ಗೆರೆ ಗೆರೆ ಕಾಣಿಸುತ್ತಿತ್ತು. ಪೊಲೀಸರು ಬಂದರೆ ಆಧಾರ್ ನಂಬರ್ ಹೇಳಿಬಿಡಬಹುದು.

ತೋರಿಸಿದೆ. "ಅದೇನಿಲ್ಲ ಸರ್, ಒರೆಸಿದ್ರೆ ಹೋಗತ್ತೆ" ಅಂತ ಜೇಬಿಂದ ಕರ್ಚೀಫ್ ತೆಗೆದೇಬಿಟ್ಟರು. ನಾನು ಅವರ ಮಣಿಕಟ್ಟು ಹಿಡಿದುಕೊಂಡೆ. ಒಂದು ಕ್ಷಣ ಇಬ್ಬರೂ ಹಾಗೇ ನಿಂತಿದ್ದೆವು.

ಆಮೇಲೆ ಅವರೇ ಒಳಗಿಂದ ಇನ್ನೊಂದು ತಂದರು. ಯುಎನ್‌ಸಿ ಸೆಟ್, ಚೊಕ್ಕವಾಗಿದೆ. ಐದೂವರೆ ಹೇಳಿ ನಾಲ್ಕು ಸಾವಿರದ ಎಂಟುನೂರಕ್ಕೆ ಕೊಟ್ಟರು. ಈ ಸಲ ಇನ್ವೆಸ್ಟ್‌ಮೆಂಟು ಅನ್ನುವ ಮಾತು ಬರಲಿಲ್ಲ. ಬಿಲ್ ಕೇಳಿ ಇಸ್ಕೊಂಡೆ.

ಲೆಕ್ಕಿಗ
2,175 ಜಾಸ್ತಿ ಕೊಟ್ಟಿದ್ದೀರಿ. ಆದರೂ ಮೊದಲಿಗಿಂತ ವಾಸಿ.

ಹಳೇರೂಪಾಯಿ
ಮಣಿಕಟ್ಟು ಹಿಡಿದಿದ್ದಕ್ಕೆ ಶಹಬ್ಬಾಸ್. ಅಪ್ಪನಿಗೆ ಕೊಟ್ಟ ಮೇಲೆ ಏನಂದರು ಅಂತ ಬರೆಯಿರಿ.

ಬೆಣ್ಣೆದೋಸೆ
ನಿನ್ನೆ ಹುಟ್ಟುಹಬ್ಬ ಆಯಿತು. ಡಬ್ಬಿ ತೆರೆದರು. ದೊಡ್ಡ ನಾಣ್ಯ ನೋಡಿ "ಎಷ್ಟಾಯ್ತೋ?" ಅಂದರು. ಹೇಳಲಿಲ್ಲ. ಆಮೇಲೆ ಪಕ್ಕದ 5 ರೂಪಾಯಿ ನೋಡಿ ಜೋರಾಗಿ ನಕ್ಕರು. "ಇದು ನನ್ನ ಹತ್ರ ಇದೆಯಲ್ಲೋ" ಅಂತ ದೇವರ ಮನೆಗೆ ಹೋಗಿ ವಿಭೂತಿ ಡಬ್ಬಿ ತಂದರು. ಅದರೊಳಗೆ ಬೆಳ್ಳಗೆ ಪುಡಿ ಮೆತ್ತಿಕೊಂಡ ಒಂದು 5 ರೂಪಾಯಿ. ಹದಿನೆಂಟು ವರ್ಷದ ಹಿಂದೆ ಹರಿಹರದ ಬಸ್ಸಿನಲ್ಲಿ ಕಂಡಕ್ಟರ್ ಚಿಲ್ಲರೆ ಕೊಟ್ಟಿದ್ದಂತೆ. ಅವತ್ತಿಂದ ಖರ್ಚು ಮಾಡದೆ ಇಟ್ಟುಕೊಂಡಿದ್ದಾರೆ. ದಿನಾ ವಿಭೂತಿ ತಗೊಳ್ಳುವಾಗ ಬೆರಳಿಗೆ ತಾಗುತ್ತದಂತೆ. ಬಸವಣ್ಣನವರ ಮುಖವೇ ಸವೆದು ಹೋಗಿದೆ.

ತುಂಗೆ ತೀರ
ಅದನ್ನು ಎಷ್ಟಕ್ಕೂ ಮಾರಬೇಡಿ ಅಂತ ಹೇಳಿ ಅವರಿಗೆ.

ಹಳೇರೂಪಾಯಿ
ಅದು ಹಾಗೇ ಇರಲಿ. ಆದರೆ ದಯವಿಟ್ಟು ಹೊಸದನ್ನು ಆ ವಿಭೂತಿ ಡಬ್ಬಿಯಿಂದ ದೂರ ಇಡಿ. ಕ್ಯಾಪ್ಸೂಲ್ ತರಿಸಿದಿರಾ?

ಬೆಣ್ಣೆದೋಸೆ
ತರಿಸಿದ್ದೆ ಸರ್. ಇವತ್ತು ಬೆಳಿಗ್ಗೆ ನೋಡಿದರೆ ಕ್ಯಾಪ್ಸೂಲ್ ಖಾಲಿ. 100 ರೂಪಾಯಿ ನಾಣ್ಯ ವಿಭೂತಿ ಡಬ್ಬಿಯೊಳಗೆ ಹಿಡಿಸಲಿಲ್ಲ ಅಂತ ಅಪ್ಪ ನಾಣ್ಯವನ್ನೇ ಮುಚ್ಚಳ ಮಾಡಿ ಮೇಲಿಟ್ಟಿದ್ದಾರೆ.